ಪ್ರಾಮಾಣಿಕತೆಗೆ ಎಷ್ಟು ಅಂಕ?

ಪ್ರೌಢಶಾಲೆಯ ಮಕ್ಕಳಿಗಾಗಿ ನಡೆಯುವ ನೀತಿವಿಷಯಕ ಪ್ರಬಂಧ ಸ್ಪರ್ಧೆಗಳಲ್ಲಿ ನಾನು ತೀರ್ಪುಗಾರನಾಗಿ ಕುಳಿತದ್ದು ಎಷ್ಟು ಸಲವೋ, ಲೆಕ್ಕವಿಟ್ಟಿಲ್ಲ. ಈ ಪುಟಗಳನ್ನು ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಅಂತಹ ಸ್ಪರ್ಧೆಗಳಲ್ಲಿ ಬರೆದವರೇ. ಕೆಲವರು ಬಹುಮಾನವನ್ನೂ ಪಡೆದವರು. ಆದ್ದರಿಂದ ಮುಂದೆ ನಾನು ಹೇಳುವ ಮಾತುಗಳಿಂದ ಯಾರೂ ಬೇಸರಪಟ್ಟುಕೊಳ್ಳಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ನಮ್ಮ ತಾಲ್ಲೂಕಿನಲ್ಲಿ ಆಗ ಸ್ಪರ್ಧೆ ನಡೆಯುತ್ತಿದ್ದುದು ಗಾಂಧಿ ಜಯಂತಿಯ ಅಂಗವಾಗಿ. ಒಂದೊಂದು ಶಾಲೆಯಿಂದ ಇಬ್ಬರು ಮಕ್ಕಳು ಬರುತ್ತಿದ್ದರು. ಒಂದೂವರೆ ಗಂಟೆಯ ಕಾಲಾವಕಾಶ. ಹಾಳೆಯ ಮೇಲೆ ಹೆಸರಿನ ಬದಲು ಕ್ರಮಸಂಖ್ಯೆ. ಒಟ್ಟು 50 ಅಂಕಗಳು: ವಿಷಯಕ್ಕೆ 20, ಭಾಷೆಗೆ 15, ನಿರೂಪಣೆಗೆ 10, ಕೈಬರಹಕ್ಕೆ 5. ವಿಷಯವಾದರೋ ಸತ್ಯ, ಅಹಿಂಸೆ, ಪ್ರಾಮಾಣಿಕತೆ, ಹಿರಿಯರ ಸೇವೆ, ಇಷ್ಟರಲ್ಲೇ ಸುತ್ತುತ್ತಿತ್ತು. ಮಕ್ಕಳು ಬರೆಯುತ್ತಿದ್ದುದೂ ಹಾಗೆಯೇ. ಮೊದಲಿಗೊಂದು ಸುಭಾಷಿತ, ನಡುವೆ ಹರಿಶ್ಚಂದ್ರ, ಪುಣ್ಯಕೋಟಿ, ಕೊನೆಗೆ 'ನಾವೆಲ್ಲರೂ ಪ್ರಾಮಾಣಿಕರಾಗಿ ಬಾಳೋಣ' ಎಂಬ ಪ್ರತಿಜ್ಞೆ. ಗಾಂಧೀಜಿಯವರು ರಾಜಕೋಟೆಯ ಹೈಸ್ಕೂಲಿನಲ್ಲಿದ್ದಾಗ ಇನ್ಸ್‌ಪೆಕ್ಟರ್ ಜೈಲ್ಸ್ ಬರೆಯಿಸಿದ ಐದು ಇಂಗ್ಲಿಷ್ ಪದಗಳಲ್ಲಿ 'ಕೆಟಲ್' ಎಂಬುದನ್ನು ತಪ್ಪಾಗಿ ಬರೆದದ್ದು, ಮೇಷ್ಟರು ಬೂಟಿನ ತುದಿಯಿಂದ ಸೂಚಿಸಿದರೂ ಪಕ್ಕದವನ ಸ್ಲೇಟನ್ನು ನೋಡದೆ ಹೋದದ್ದು, ಈ ಪ್ರಸಂಗವಂತೂ ಹತ್ತರಲ್ಲಿ ಏಳು ಪ್ರಬಂಧಗಳಲ್ಲಿ ಇದ್ದೇ ಇರುತ್ತಿತ್ತು. ಕೆಟಲ್ ಅಲ್ಲಿ ಕೆಟ್ಟಲ್ ಆಗಿ, ಕಿಟ್ಲಿ ಆಗಿ, ಒಮ್ಮೆ ಕೀಟಲೆಯೂ ಆಗಿ ನಮ್ಮ ಮುಂದೆ ಬಂದದ್ದುಂಟು! ಇದು ಮಕ್ಕಳ ದೋಷವಲ್ಲ. ಗೈಡುಗಳಿಂದಲೋ ಮೇಷ್ಟರ ಬಾಯಿಂದಲೋ ಕಂಠಪಾಠ ಮಾಡಿ ಬಂದವರು ಅವರು. ಈಗ ಮುಖ್ಯೋಪಾಧ್ಯಾಯಿನಿಯಾಗಿರುವ ನನ್ನ ಶಿಷ್ಯೆಯೊಬ್ಬಳು, 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮನೆಯಿಂದ ಬರೆದು ತರುವ ಪ್ರಬಂಧಗಳನ್ನು ನಂಬುವಂತಿಲ್ಲವೆಂದು ದೂರುತ್ತಾಳೆ. ಅವಳ ಚಿಂತೆ ಸರಿಯೇ. ಆದರೆ ಬೇರೆಯವರ ಮಾತನ್ನು ತನ್ನದೆಂದು ಬರೆದು ನೀತಿಗೆ ಬಹುಮಾನ ಪಡೆಯುವುದನ್ನು ಯಂತ್ರ ಬರುವ ಮೊದಲೇ ನಾವು ಮಕ್ಕಳಿಗೆ ಕಲಿಸಿಯಾಗಿತ್ತು.

ಗಾಂಧೀಜಿಯವರ ಆತ್ಮಕಥೆಯಲ್ಲಿ ಇನ್ನೊಂದು ಪ್ರಸಂಗವಿದೆ. ಅದನ್ನು ಯಾವ ಮಗುವೂ ಬರೆದದ್ದನ್ನು ನಾನು ಕಾಣೆ. ಹದಿನೈದರ ವಯಸ್ಸಿನಲ್ಲಿ ಅವರು ಅಣ್ಣನ ತೋಳಿನ ಕಡಗದಿಂದ ಚೂರು ಬಂಗಾರವನ್ನು ಕದ್ದರು. ಅಣ್ಣನಿಗಿದ್ದ ಇಪ್ಪತ್ತೈದು ರೂಪಾಯಿಯಷ್ಟು ಸಾಲವನ್ನು ತೀರಿಸಲು. ಮನಸ್ಸು ತಡೆಯದೆ, ತಪ್ಪನ್ನೆಲ್ಲ ಕಾಗದದಲ್ಲಿ ಬರೆದು, ತಕ್ಕ ಶಿಕ್ಷೆ ಕೊಡಿರೆಂದು ಕೇಳಿ, ಹಾಸಿಗೆ ಹಿಡಿದಿದ್ದ ತಂದೆಯ ಕೈಗೆ ಕೊಟ್ಟರು. ತಂದೆ ಎದ್ದು ಕುಳಿತು ಓದಿದರು. ಕಣ್ಣೀರು ಹರಿದು ಕಾಗದ ತೊಯ್ದಿತು. ಕೊಂಚ ಹೊತ್ತು ಕಣ್ಣು ಮುಚ್ಚಿದ್ದು, ಆಮೇಲೆ ಆ ಕಾಗದವನ್ನು ಹರಿದುಹಾಕಿದರು. ಗೊರೂರರ ಕನ್ನಡದಲ್ಲಿ ಇದನ್ನು ಮೊದಲು ಓದಿದಾಗ ನನಗೂ ಹೆಚ್ಚುಕಡಿಮೆ ಅದೇ ವಯಸ್ಸು. ಒಬ್ಬನೇ ಓದುಗನಿಗಾಗಿ ಬರೆದ ಬರಹ ಅದು. ಆ ಓದುಗ ಅದನ್ನು ಉಳಿಸಲೂ ಇಲ್ಲ.

ಈ ಪ್ರಸಂಗ ನನಗೆ ಬಲವಾಗಿ ನೆನಪಾದದ್ದು 1986ರ ಸ್ಪರ್ಧೆಯ ಸಮಯದಲ್ಲಿ. ಊರಿನ ಹೆಸರನ್ನು ಹೇಳುವುದಿಲ್ಲ. ಬರೆದ ಹುಡುಗಿ ಇಂದು ಮೊಮ್ಮಗುವನ್ನು ಎತ್ತಿ ಆಡಿಸುತ್ತಿರುವಾಕೆ. ಅವಳ ತಂದೆ ತೀರಿಕೊಂಡು ಬಹಳ ವರ್ಷಗಳಾದವು. ಎರಡು ವರ್ಷದ ಹಿಂದೆ ಮದುವೆಯೊಂದರಲ್ಲಿ ಸಿಕ್ಕಾಗ, "ಈಗ ಬರೀಬಹುದು ಸಾರ್, ಹೆಸರು ಮಾತ್ರ ಬೇಡ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಆ ವರ್ಷದ ವಿಷಯ 'ನಿತ್ಯಜೀವನದಲ್ಲಿ ಪ್ರಾಮಾಣಿಕತೆ'. ಹದಿನೇಳನೆಯ ಕ್ರಮಸಂಖ್ಯೆಯ ಪ್ರಬಂಧ ಎರಡೂವರೆ ಪುಟದ್ದು. ಅದರಲ್ಲಿ ಸುಭಾಷಿತವಿರಲಿಲ್ಲ. ಕಾಗುಣಿತದ ತಪ್ಪುಗಳಿದ್ದವು. ತನ್ನ ತಂದೆ ನ್ಯಾಯಬೆಲೆ ಅಂಗಡಿಯಲ್ಲಿ ಅಳೆದುಕೊಡುವ ಕೂಲಿಯಾಳು ಎಂದು ಅವಳು ಆರಂಭಿಸಿದ್ದಳು. ಸೀಮೆಎಣ್ಣೆಯ ಲೀಟರು ಅಳತೆಯ ತಳವನ್ನು ಒಳಕ್ಕೆ ಬಡಿದು ತಗ್ಗು ಮಾಡಲಾಗಿದೆ, ಬಡಿದದ್ದು ಮಾಲೀಕರು, ಆದರೆ ಅಳೆಯುವುದು ಅಪ್ಪ. ಒಂದು ದಿನ ಗೆಳತಿಯ ತಾಯಿ ಕ್ಯೂನಲ್ಲಿ ನಿಂತು ಎಣ್ಣೆ ತೆಗೆದುಕೊಂಡು ಹೋಗುವಾಗ ತನ್ನ ತಲೆ ಸವರಿ ಹೋದರಂತೆ. ಹಬ್ಬಕ್ಕೆ ಮಾಲೀಕರು ಕೊಡಿಸಿದ ಲಂಗವನ್ನೇ ಉಟ್ಟು ಈಗ ಬರೆಯುತ್ತಿದ್ದೇನೆ ಎಂದಿದ್ದಳು. ಪ್ರಾಮಾಣಿಕತೆ ಎಂದರೆ ಅಪ್ಪ ಕೆಲಸ ಬಿಡುವುದೋ, ತಾನು ಊಟ ಬಿಡುವುದೋ, ಗೆಳತಿಯ ತಾಯಿಗೆ ನಿಜ ಹೇಳುವುದೋ ತನಗೆ ತಿಳಿಯದೆಂದು ಬರೆದು ಅಲ್ಲಿಗೇ ನಿಲ್ಲಿಸಿದ್ದಳು. ಗಂಟೆ ಬಾರಿಸಿತ್ತೋ, ಹೇಳುವುದು ಮುಗಿದಿತ್ತೋ, ಗೊತ್ತಾಗಲಿಲ್ಲ.

ನಾವು ಮೂವರು ತೀರ್ಪುಗಾರರು. ನಾನು, ಸಂಸ್ಕೃತದ ಪಂಡಿತರೊಬ್ಬರು, ಪಕ್ಕದ ಹೋಬಳಿಯ ಒಬ್ಬ ಹಿರಿಯ ಮೇಷ್ಟರು. ಹಿರಿಯರಿಗೆ ಪ್ರಬಂಧ ಹಿಡಿಸಲಿಲ್ಲ. ಹೆತ್ತ ತಂದೆಯನ್ನು ಬೀದಿಗೆಳೆಯುವುದು ನೀತಿಯೇ ಎಂದರು. ಗಾಂಧಿ ಬರೆದದ್ದು ತನ್ನ ತಪ್ಪನ್ನು. ಈಕೆ ಬರೆದಿರುವುದು ಅಪ್ಪನ ತಪ್ಪನ್ನು ಎಂದರು. ಆ ಮಾತು ನನ್ನನ್ನು ತಡೆದು ನಿಲ್ಲಿಸಿದ್ದು ನಿಜ. ಆದರೂ ಪುಟಗಳನ್ನು ಮತ್ತೆ ಓದಿದಾಗ, ಅವಳು ಅಪ್ಪನನ್ನು ಎಲ್ಲಿಯೂ ಜರೆದಿಲ್ಲವೆಂಬುದು ಕಾಣಿಸಿತು. ಆ ಅಳತೆಯಿಂದ ಬಂದ ಅನ್ನವನ್ನು ತಾನೂ ಉಣ್ಣುತ್ತಿದ್ದೇನೆ ಎಂಬುದೇ ಅವಳ ಸಂಕಟವಾಗಿತ್ತು. ಮೊದಲ ಬಹುಮಾನ ಇದಕ್ಕೇ ಸಲ್ಲಬೇಕೆಂದು ನಾನು ಪಟ್ಟು ಹಿಡಿದೆ.

ತೊಡಕು ಇದ್ದದ್ದು ಬೇರೆಡೆ. ಮೊದಲ ಬಹುಮಾನದ ಪ್ರಬಂಧವನ್ನು ಸಮಾರಂಭದಲ್ಲಿ ಬರೆದವರೇ ಓದಬೇಕೆಂಬುದು ಪದ್ಧತಿ. ಆ ಸಭೆಗೆ ಊರಿನ ವರ್ತಕರೆಲ್ಲ ಬರುವವರು. ಮುಂದಿನ ಸಾಲಿನಲ್ಲಿ ಆ ಅಂಗಡಿಯ ಮಾಲೀಕರೂ ಕೂರುವವರು. ಓದಿಸಿದರೆ ಮರುದಿನ ಕೆಲಸ ಕಳೆದುಕೊಳ್ಳುವವನು ಅಳೆಯುವವನೇ ಹೊರತು ತಳ ಬಡಿದವನಲ್ಲ. ಓದಿಸಬಾರದೆಂದು ಬಹುಮಾನವನ್ನೇ ತಪ್ಪಿಸಿದರೆ, ಸತ್ಯವೆಂಬುದು ಹರಿಶ್ಚಂದ್ರನ ಕಾಲದ ಮಾತು, ನಿನ್ನ ಮನೆಯ ಮಾತಲ್ಲ ಎಂದು ಆ ಮಗುವಿಗೆ ನಾವೇ ಪಾಠ ಹೇಳಿದಂತೆ.

ದಾರಿ ತೋರಿಸಿದವರು ಪಂಡಿತರು. ಅಷ್ಟು ಹೊತ್ತು ನಶ್ಯದ ಡಬ್ಬಿಯನ್ನು ತಿರುಗಿಸುತ್ತ ಸುಮ್ಮನಿದ್ದವರು ಕರ್ಣಪರ್ವದ ಕೌಶಿಕನ ಕಥೆಯನ್ನು ಎತ್ತಿದರು. ಸದಾ ಸತ್ಯವನ್ನೇ ನುಡಿಯುವೆನೆಂದು ವ್ರತ ತೊಟ್ಟ ತಪಸ್ವಿ ಅವನು. ದರೋಡೆಕೋರರಿಗೆ ಹೆದರಿ ಕಾಡಿನಲ್ಲಿ ಅಡಗಿದ್ದವರ ಜಾಡನ್ನು, ಕೇಳಿದರೆಂಬ ಕಾರಣಕ್ಕೆ ಇದ್ದಂತೆ ಹೇಳಿಬಿಟ್ಟ. ಅವರು ಸತ್ತರು, ಇವನು ನರಕಕ್ಕೆ ಹೋದ. ಅರ್ಜುನನಿಗೆ ಕೃಷ್ಣ ಹೇಳುವ ಕಥೆ ಇದು. "ಈ ಹುಡುಗಿ ಕೌಶಿಕನಲ್ಲ ಮೇಷ್ಟ್ರೇ. ಮೈಕಿನ ಮುಂದೆ ಓದಿಸಿದರೆ ನಾವು ಕೌಶಿಕರಾಗುತ್ತೇವೆ" ಎಂದರು. ಹಿರಿಯ ಮೇಷ್ಟರು ಮತ್ತೆ ವಾದಿಸಲಿಲ್ಲ. ಆದರೆ ತಮ್ಮ ಪಟ್ಟಿಯಲ್ಲಿ ಆಕೆಗೆ ಕೊಟ್ಟಿದ್ದ ಅಂಕಗಳನ್ನು ತಿದ್ದಲೂ ಇಲ್ಲ. ನಮ್ಮಿಬ್ಬರ ಅಂಕಗಳ ಬಲದಿಂದ ಹದಿನೇಳನೆಯ ಸಂಖ್ಯೆ ಅರ್ಧ ಅಂಕದಿಂದ ಮೊದಲ ಸ್ಥಾನಕ್ಕೆ ಬಂತು. ಆ ವರ್ಷ ಯಾವ ಪ್ರಬಂಧವನ್ನೂ ಓದಿಸುವುದು ಬೇಡ, ಮಕ್ಕಳು ಭಜನೆ ಹಾಡಲಿ ಎಂದು ವ್ಯವಸ್ಥಾಪಕರನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಕಾರಣ ಕೇಳಿದವರಿಗೆ, ಕಾರ್ಯಕ್ರಮ ಉದ್ದವಾಗುತ್ತದೆ ಎಂದೆವು. ಅದೂ ಸುಳ್ಳಲ್ಲ. ಅಧ್ಯಕ್ಷರ ಭಾಷಣವೇ ಮುಕ್ಕಾಲು ಗಂಟೆ ನಡೆಯುತ್ತಿತ್ತು.

ಹೆಸರು ತಿಳಿದ ಮೇಲೆ, ಅವಳ ಶಾಲೆಯ ಟೀಚರಮ್ಮನನ್ನು ಜೊತೆಗಿಟ್ಟುಕೊಂಡು ಅವಳೊಡನೆ ಮಾತನಾಡಿದೆ. ತೆಳ್ಳಗಿನ, ಕಣ್ಣೆತ್ತದ ಹುಡುಗಿ. ಯಾಕಮ್ಮ ಇದನ್ನೇ ಬರೆದೆ ಎಂದು ಕೇಳಿದ್ದಕ್ಕೆ, "ವಿಷಯ ನೋಡಿದ ತಕ್ಷಣ ಇದೇ ನೆನಪಾಯ್ತು ಸಾರ್, ಬೇರೆ ಏನೂ ಬರಲಿಲ್ಲ" ಎಂದಳು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಬಹುಮಾನದ ದಿನ ಅವಳ ತಂದೆ ಬಿಳಿಯ ಶರಟು ತೊಟ್ಟು ಬಂದು, ಹಿಂದಿನ ಗೋಡೆಗೆ ಒರಗಿ ನಿಂತೇ ಇದ್ದರು. ಮಗಳ ಹೆಸರು ಕೂಗಿದಾಗ ಚಪ್ಪಾಳೆ ತಟ್ಟಿ, ಪಕ್ಕದವರಿಗೆ ಏನೋ ಹೇಳಿ ನಕ್ಕರು.

ಸಭೆ ಮುಗಿದ ಮೇಲೆ ಅವಳು ಒಬ್ಬಳೇ ನನ್ನ ಬಳಿ ಬಂದು, ಬರೆದ ಹಾಳೆಗಳನ್ನು ವಾಪಸು ಕೊಡುವಿರಾ ಎಂದಳು. ಉತ್ತರಪತ್ರಿಕೆಗಳು ಸಮಿತಿಯ ಕಡತದಲ್ಲೇ ಇರಬೇಕೆಂಬುದು ನಿಯಮ. ಪಂಡಿತರ ಮುಖ ನೋಡಿದೆ. ಅವರು ಬೇಕೆಂದೇ ಕಿಟಕಿಯ ಕಡೆ ತಿರುಗಿಕೊಂಡರು. ಕಡತದಿಂದ ಮೂರೂ ಹಾಳೆಗಳನ್ನು ಬಿಚ್ಚಿ ಅವಳ ಕೈಗೆ ಕೊಟ್ಟೆ. ನಾಲ್ಕಾಗಿ ಮಡಿಸಿ, ಕಂಪಾಸ್ ಪೆಟ್ಟಿಗೆಯ ತಳದಲ್ಲಿಟ್ಟು ಮುಚ್ಚಳ ಒತ್ತಿಕೊಂಡು, ಅಪ್ಪ ನಿಂತಿದ್ದ ಕಡೆಗೆ ಹೋದಳು.