ತಡೆದ ಹಣ, ತಡವಾದ ಬಡ್ಡಿ

ತ್ಯಾವಣಿಗೆಯಂತಹ ಊರುಗಳಲ್ಲಿ ನಿವೃತ್ತ ನೌಕರನು ಗ್ರಾಚ್ಯುಟಿಯ ಅಸಲು ಕೈಸೇರಿದರೆ ಸಾಕೆನ್ನುತ್ತಾನೆ; ಬಡ್ಡಿ ಕೇಳಲು ಸಂಕೋಚ. ಸಂಕೋಚಪಡಬೇಕಾದವನು ತಡೆದಿಟ್ಟವನು. ಶ್ರಾವಕನೇ ಮಾಲೀಕನಾಗಿದ್ದರೆ, ಆ ಪರಧನವನ್ನು ತೀರಿಸಿದ ಮೇಲೆಯೇ ದಾನಪಟ್ಟಿಯಲ್ಲಿ ಹೆಸರು ಬರೆಯಿಸುವುದು ಲೇಸು.

ಗ್ರಾಚ್ಯುಟಿಯು 30 ದಿನಗಳೊಳಗೆ ಸಲ್ಲಬೇಕೆಂದು 1972ರ ಕಾಯ್ದೆಯು ವಿಧಿಸಿತ್ತು. ವಿಳಂಬಕ್ಕೆ ಸರಳ ಬಡ್ಡಿಯನ್ನು 1987ರ ತಿದ್ದುಪಡಿಯು ಸೇರಿಸಿತು. ಕರ್ನಾಟಕ ಕೃಷಿ ಕೈಗಾರಿಕಾ ನಿಗಮದ ನಿವೃತ್ತರೊಬ್ಬರಿಗೆ ಉಚ್ಚ ನ್ಯಾಯಾಲಯವು ಆ ಬಡ್ಡಿಯನ್ನು ನಿರಾಕರಿಸಿತು. ಅವರು ಸುಮ್ಮನಾಗಲಿಲ್ಲ. 2003ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶೇಕಡಾ 10ರಂತೆ ಕೊಡಿಸಿ, ಇದು ಇಚ್ಛೆಗೆ ಬಿಟ್ಟ ವಿಷಯವಲ್ಲವೆಂದಿತು. ನೌಕರನ ತಪ್ಪಿನಿಂದಲೇ ವಿಳಂಬವಾಗಿ, ಮಾಲೀಕನು ನಿಯಂತ್ರಣಾಧಿಕಾರಿಯ ಲಿಖಿತ ಅನುಮತಿಯನ್ನೂ ಪಡೆದಿದ್ದರೆ ಮಾತ್ರ ವಿನಾಯಿತಿಯಿತ್ತು. ಅಂತಹ ಅನುಮತಿ ತನ್ನಲ್ಲಿದೆಯೆಂದು ನಿಗಮವು ವಾದಿಸಿರಲೇ ಇಲ್ಲ.