ದೊಡ್ಡಪ್ಪನ ಹಡಗು

ಸಿನಿಮಾ ನೋಡುವಾಗ ನನ್ನ ಪಕ್ಕದಲ್ಲಿ ಕುಳಿತುಕೊಳ್ಳಲು ನಮ್ಮ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಇದಕ್ಕೆ ಕಾರಣ ನನ್ನ ಗೊರಕೆಯಲ್ಲ. ಗೊರಕೆಯಾದರೂ ಪರವಾಗಿಲ್ಲ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಹೊಯ್ಸಳರ ಕಾಲದ ಅಡುಗೆಮನೆಯಲ್ಲಿ ಕೆಂಪು ಮೆಣಸಿನಕಾಯಿಯ ಗೊಂಚಲು ತೂಗುತ್ತಿರುವುದು ಪರದೆಯ ಮೇಲೆ ಕಂಡಿತೆನ್ನಿ, ನಾನು ಸುಮ್ಮನಿರಲಾರೆ. ಮೆಣಸಿನಕಾಯಿ ಈ ದೇಶಕ್ಕೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ, ಹೊಯ್ಸಳರು ಅಳಿದು ಶತಮಾನ ಕಳೆದಮೇಲೆ, ಎಂದು ಅಕ್ಕಪಕ್ಕದ ನಾಲ್ಕು ಕುರ್ಚಿಗಳಿಗೆ ಕೇಳುವಂತೆ ಹೇಳಿಯೇ ತೀರುತ್ತೇನೆ. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಉತ್ತರಪತ್ರಿಕೆ ತಿದ್ದಿದವನಿಗೆ ಕತ್ತಲಲ್ಲಿಯೂ ಕೆಂಪು ಶಾಯಿಯ ಲೇಖನಿ ಕೈಬಿಟ್ಟು ಹೋಗುವುದಿಲ್ಲ.

ಈ ಚಾಳಿ ತನ್ನ ಪೂರ್ಣಾವತಾರವನ್ನು ತಾಳುವುದು ಸಮುದ್ರಯುದ್ಧದ ಚಿತ್ರಗಳನ್ನು ನೋಡುವಾಗ. ಕನ್ನಡ ಮೇಷ್ಟರಿಗೂ ಯುದ್ಧನೌಕೆಗೂ ಎಲ್ಲಿಯ ನಂಟು ಎಂದು ಕೇಳುತ್ತೀರಿ. ನಂಟು ಇದೆ. ನನ್ನ ದೊಡ್ಡಪ್ಪ ಹೊನ್ನಾವರದಿಂದ ಹೋಗಿ ನೌಕಾಪಡೆ ಸೇರಿದವರು, 'ಐ.ಎನ್.ಎಸ್. ದೆಹಲಿ' ಎಂಬ ಹಡಗಿನ ಬಾಯ್ಲರ್ ರೂಮಿನಲ್ಲಿ ಸ್ಟೋಕರ್ ಆಗಿದ್ದವರು. ಅವರು ರಜೆಯಲ್ಲಿ ತಂದ ಹಡಗಿನ ಫೋಟೋ ನಮ್ಮಜ್ಜಿಯ ಮನೆಯ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲೇ ಇತ್ತು. ಹುಡುಗನಾಗಿದ್ದಾಗ ಆ ಪಟಗಳ ಪೈಕಿ ನನಗೆ ಹೆಚ್ಚು ಭಕ್ತಿಯಿದ್ದದ್ದು ಹಡಗಿನ ಮೇಲೆ. ಮುಂದೆ ಬೆಂಗಳೂರಿನಲ್ಲಿ ಎಂ.ಎ. ಓದುವಾಗ ಆವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ಯುದ್ಧನೌಕೆಗಳ ಚಿತ್ರಗಳಿದ್ದ ಒಂದು ದಪ್ಪ ಪುಸ್ತಕ ಸಿಕ್ಕಿತು. ಛಂದಸ್ಸನ್ನು ಓದಬೇಕಾದ ರಾತ್ರಿಗಳಲ್ಲಿ ನಾನು ಚಿಮಣಿಗಳನ್ನೂ ಫಿರಂಗಿಗಳನ್ನೂ ಎಣಿಸಿದೆ. ಗಣ ವಿಂಗಡಿಸುವುದಕ್ಕೂ ಅದಕ್ಕೂ ಬಹಳ ವ್ಯತ್ಯಾಸವೇನೂ ಇಲ್ಲ.

ಭೂಮಿಯ ಮೇಲಿನ ಯುದ್ಧವನ್ನು ಸಿನಿಮಾದವರು ಹೇಗೋ ನಿಭಾಯಿಸುತ್ತಾರೆ. ಸಾವಿರ ಜನಕ್ಕೆ ಸಮವಸ್ತ್ರ ಹೊಲಿಸಿ, ಕೈಗೆ ಕೋವಿ ಕೊಟ್ಟು, ಒಂದು ಗುಡ್ಡ ಹತ್ತಿಸಿದರೆ ಅದು ಯಾವ ಯುದ್ಧವಾದರೂ ಆದೀತು. ಹಡಗಿಗೆ ಹಾಗೆ ಅಂಗಿ ತೊಡಿಸಲಾಗುವುದಿಲ್ಲ. ಯುದ್ಧದಲ್ಲಿ ಹೋರಾಡಿದ ಹಡಗು ಒಂದೋ ಸಮುದ್ರದ ತಳದಲ್ಲಿರುತ್ತದೆ, ಇಲ್ಲವೇ ಗುಜರಿಯವನ ಪಾಲಾಗಿರುತ್ತದೆ. ಬೇರೆ ಹಡಗು ಬೇಕೆಂದರೆ ಯಾವುದಾದರೊಂದು ದೇಶದ ನೌಕಾಪಡೆಯ ಬಾಗಿಲು ತಟ್ಟಬೇಕು. ಹಡಗು ಕೊಟ್ಟವರ ಮನಸ್ಸನ್ನೂ ಸ್ವಲ್ಪ ನೋಡಿಕೊಳ್ಳಬೇಕು.

ತಪ್ಪುಗಳನ್ನು ಪಟ್ಟಿ ಮಾಡಹೊರಟರೆ ಈ ಪುಟ ಸಾಲದು. 1960ರ 'ಸಿಂಕ್ ದಿ ಬಿಸ್ಮಾರ್ಕ್' ಚಿತ್ರದಲ್ಲಿ ಜರ್ಮನ್ ಹಡಗು 'ಸೋಲೆಂಟ್' ಎಂಬ ಡೆಸ್ಟ್ರಾಯರನ್ನು ಮುಳುಗಿಸುತ್ತದೆ. ಆ ಕದನದಲ್ಲಿ ಅಂಥ ಹಡಗೇ ಇರಲಿಲ್ಲ. 2000ದಲ್ಲಿ ಬಂದ 'ಯು-571' ಅಂತೂ ಜರ್ಮನರ ಗುಪ್ತಲಿಪಿಯ ಯಂತ್ರವನ್ನು ವಶಪಡಿಸಿಕೊಂಡ ಕೀರ್ತಿಯನ್ನು ಅಮೆರಿಕದವರ ಕೊರಳಿಗೆ ಹಾಕಿತು. ನಿಜವಾಗಿ 1941ರ ಮೇ ತಿಂಗಳಲ್ಲಿ 'ಯು-110' ಎಂಬ ಜಲಾಂತರ್ಗಾಮಿಯಿಂದ ಅದನ್ನು ಎತ್ತಿಕೊಂಡವರು 'ಬುಲ್‌ಡಾಗ್' ಎಂಬ ಬ್ರಿಟಿಷ್ ಹಡಗಿನವರು; ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲೇ ಇಲ್ಲ. ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿಯೇ ಇದರ ಬಗ್ಗೆ ಮಾತಾಯಿತು. ನಮ್ಮಲ್ಲಿಯೂ 2017ರ 'ಘಾಜಿ' ಚಿತ್ರ 1971ರ ಡಿಸೆಂಬರಿನಲ್ಲಿ ವಿಶಾಖಪಟ್ಟಣದ ಬಳಿ ಮುಳುಗಿದ ಪಾಕಿಸ್ತಾನಿ ಜಲಾಂತರ್ಗಾಮಿಯ ಎದುರಿಗೆ ಒಂದು ಭಾರತೀಯ ಜಲಾಂತರ್ಗಾಮಿಯನ್ನು ತಂದು ನಿಲ್ಲಿಸಿತು. ನಮ್ಮ ನೌಕಾಪಡೆ ಆ ಗೆಲುವನ್ನು ಕಟ್ಟಿದ್ದು 'ರಜಪೂತ್' ಎಂಬ ಡೆಸ್ಟ್ರಾಯರಿನ ಹೆಸರಿಗೆ. ಪಾಕಿಸ್ತಾನದವರು ಅದನ್ನೂ ಒಪ್ಪುವುದಿಲ್ಲ. ಇರಲಿ.

ನಾನು ಹೇಳಹೊರಟದ್ದು ಒಂದೇ ಚಿತ್ರದ ವಿಷಯ. 1956ರಲ್ಲಿ ಪೊವೆಲ್ ಮತ್ತು ಪ್ರೆಸ್‌ಬರ್ಗರ್ ತೆಗೆದ 'ದಿ ಬ್ಯಾಟಲ್ ಆಫ್ ದಿ ರಿವರ್ ಪ್ಲೇಟ್'. ಕಥೆ ಹಲವರಿಗೆ ಗೊತ್ತಿರಬಹುದು. ಯುದ್ಧ ಆರಂಭವಾದ ಮೊದಲ ತಿಂಗಳುಗಳಲ್ಲಿ 'ಗ್ರಾಫ್ ಸ್ಪೇ' ಎಂಬ ಜರ್ಮನ್ ಹಡಗು ಒಂಬತ್ತು ವ್ಯಾಪಾರಿ ನೌಕೆಗಳನ್ನು ಮುಳುಗಿಸಿತು. ಅದರ ಕಪ್ತಾನ ಲಾಂಗ್ಸ್‌ಡಾರ್ಫ್ ಎಂಥವನೆಂದರೆ, ಆ ಒಂಬತ್ತು ಹಡಗುಗಳಲ್ಲಿ ಒಬ್ಬನ ಜೀವವನ್ನೂ ತೆಗೆಯಲಿಲ್ಲ. ಎಲ್ಲರನ್ನೂ ಇಳಿಸಿಕೊಂಡ ಮೇಲೆಯೇ ಹಡಗನ್ನು ಮುಳುಗಿಸುತ್ತಿದ್ದ. 1939ರ ಡಿಸೆಂಬರ್ 13ರ ಬೆಳಗ್ಗೆ ದಕ್ಷಿಣ ಅಮೆರಿಕದ ಪ್ಲೇಟ್ ನದಿಯ ಮುಖದ ಹೊರಗೆ 'ಎಕ್ಸೆಟರ್', 'ಅಜಾಕ್ಸ್', 'ಅಕಿಲೀಸ್' ಎಂಬ ಮೂರು ಕ್ರೂಸರುಗಳು ಅವನನ್ನು ಅಡ್ಡಗಟ್ಟಿದವು. ದೊಡ್ಡ ಕಾಳಗ ಮುಗಿಯಲು ಒಂದೂವರೆ ಗಂಟೆ ಹಿಡಿಯಲಿಲ್ಲ. ಎಕ್ಸೆಟರಿನಲ್ಲಿ 61 ಮಂದಿ, ಗ್ರಾಫ್ ಸ್ಪೇಯಲ್ಲಿ 36 ಮಂದಿ, ಅಜಾಕ್ಸಿನಲ್ಲಿ 7, ಅಕಿಲೀಸಿನಲ್ಲಿ 4 ಮಂದಿ ಸತ್ತರು. ಗಾಯಗೊಂಡ ಜರ್ಮನ್ ಹಡಗು ತಟಸ್ಥ ದೇಶವಾದ ಉರುಗ್ವೆಯ ಮಾಂಟೆವಿಡಿಯೊ ಬಂದರನ್ನು ಹೊಕ್ಕಿತು. ಅವರು ಕೊಟ್ಟದ್ದು 72 ಗಂಟೆಯ ಅವಧಿ. ಹೊರಗೆ ದೊಡ್ಡ ಪಡೆಯೇ ಬಂದು ಕಾದಿದೆ ಎಂದು ಬ್ರಿಟಿಷರು ಹಬ್ಬಿಸಿದ ಪುಕಾರನ್ನು ಲಾಂಗ್ಸ್‌ಡಾರ್ಫ್ ನಂಬಿದ. ಹದಿನೇಳರ ಸಂಜೆ ತನ್ನ ಹಡಗನ್ನು ಬಂದರಿನಿಂದಾಚೆಗೆ ಒಯ್ದು ತಾನೇ ಸ್ಫೋಟಿಸಿದ.

ಪಾಠ ಹೇಳುವವನ ಬುದ್ಧಿ ನೋಡಿ: ಈ ಕಥೆ ಓದಿದಾಗಲೆಲ್ಲ ನನಗೆ ರನ್ನನ 'ಗದಾಯುದ್ಧ' ನೆನಪಾಗುತ್ತದೆ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ, ದಡದ ಮೇಲೆ ನಿಂತು ಕೂಗುವ ವೈರಿಗಳು, ಸೋತವನ ಮೇಲೆ ಓದುಗನಿಗೆ ಹುಟ್ಟುವ ಗೌರವ. ರನ್ನನೂ ತನ್ನ ಒಡೆಯನಾದ ಸತ್ಯಾಶ್ರಯನನ್ನು ಭೀಮನ ಪಕ್ಕಕ್ಕೆ ನಿಲ್ಲಿಸಿದವನೇ. ಆಶ್ರಯ ಕೊಟ್ಟವರನ್ನು ಮೆಚ್ಚಿಸುತ್ತಲೇ ಎದುರಾಳಿಯನ್ನು ಎತ್ತರಕ್ಕೆ ಏರಿಸಿಬಿಡುವುದು ಒಂದು ಸಾಹಸ. ಹಡಗುಗಳನ್ನು ಬ್ರಿಟಿಷ್ ನೌಕಾಪಡೆಯಿಂದ ಪಡೆದೂ ಲಾಂಗ್ಸ್‌ಡಾರ್ಫನನ್ನು ಸಭ್ಯನಾಗಿಯೇ ತೋರಿಸಿದ ಈ ಚಿತ್ರದವರ ಸಾಹಸವೂ ಅಂಥದೇ.

ಆದರೆ ಹಡಗುಗಳ ಮಾತೇ ಬೇರೆ. ಚಿತ್ರ ತೆಗೆಯುವ ಹೊತ್ತಿಗೆ ಎಕ್ಸೆಟರ್ 1942ರಲ್ಲೇ ಜಾವಾ ಸಮುದ್ರದಲ್ಲಿ ಮುಳುಗಿತ್ತು. ಅಜಾಕ್ಸನ್ನು 1949ರಲ್ಲಿ ಒಡೆದು ಮಾರಿಯಾಗಿತ್ತು. ಗ್ರಾಫ್ ಸ್ಪೇಯ ಪಾತ್ರಕ್ಕೆ 'ಸೇಲಂ' ಎಂಬ ಅಮೆರಿಕನ್ ಕ್ರೂಸರ್ ಬಂತು. ಗ್ರಾಫ್ ಸ್ಪೇಗೆ ಮುಂದೊಂದು ಹಿಂದೊಂದು, ಒಟ್ಟು ಎರಡು ಫಿರಂಗಿ ಗೋಪುರಗಳು, ಸೇಲಂಗೆ ಮೂರು. ಅಜಾಕ್ಸಿಗೆ ಬದಲು 'ಶೆಫೀಲ್ಡ್'. ಅಜಾಕ್ಸಿಗೆ ಇದ್ದದ್ದು ಒಂದು ಚಿಮಣಿ, ಇದಕ್ಕೆ ಎರಡು. ಎಕ್ಸೆಟರಿಗೆ ಬದಲು 'ಜಮೈಕಾ'. ಅದು 1957ರಲ್ಲಿ ನಮಗೆ ಬಂದು 'ಮೈಸೂರು' ಎಂದು ಹೆಸರಿಟ್ಟುಕೊಂಡ ಹಡಗಿನ ಜಾತಿಯದೇ. ಅಂತೂ ವೇಷಗಾರರೆಲ್ಲ ಬೇರೆಯವರು. ಆ ಬೆಳಗಿನ ಕಾಳಗದಲ್ಲಿದ್ದ ನಾಲ್ಕರಲ್ಲಿ ತನ್ನ ಪಾತ್ರವನ್ನು ತಾನೇ ವಹಿಸಿದ್ದು ಅಕಿಲೀಸ್ ಒಂದೇ. ಆಗ ಅದರ ಹೆಸರು ಅಕಿಲೀಸ್ ಅಲ್ಲ. 1948ರಲ್ಲಿ ಭಾರತ ಅದನ್ನು ಕೊಂಡು 'ದೆಹಲಿ' ಎಂದು ಕರೆದಿತ್ತು. ವಿಚಿತ್ರವೆಂದರೆ, ಕಾಳಗದ ದಿನ ಆ ಹಡಗಿನ ಕಪ್ತಾನನಾಗಿದ್ದು ಕಾಲಿಗೆ ಗಾಯ ಮಾಡಿಕೊಂಡ ಪ್ಯಾರಿ ಎಂಬಾತನೇ ಅದೇ 1948ರಿಂದ 1951ರವರೆಗೆ ನಮ್ಮ ನೌಕಾಪಡೆಯ ಮುಖ್ಯಸ್ಥನಾಗಿದ್ದ.

ಚಿತ್ರದ ಅಕಿಲೀಸಿನ ಹೊಟ್ಟೆಯೊಳಗೆ, ಬಾಯ್ಲರಿನ ಮುಂದೆ, ಇಪ್ಪತ್ತೊಂದು ವರ್ಷದ ನನ್ನ ದೊಡ್ಡಪ್ಪ ನಿಂತಿದ್ದರು.

ಈ ಸಂಗತಿ ನಮ್ಮ ಮನೆಯಲ್ಲಿ ಪುರಾಣವಾಗಿತ್ತು. 'ದೊಡ್ಡಪ್ಪ ಇಂಗ್ಲಿಷ್ ಸಿನಿಮಾದಲ್ಲಿದ್ದಾರೆ' ಎಂದು ನಾವು ಮಕ್ಕಳು ಶಾಲೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದೆವು. ಸ್ವತಃ ಅವರು ಆ ಚಿತ್ರವನ್ನು ನೋಡಿರಲೇ ಇಲ್ಲ. ಬಂದಾಗ ಇವರು ಸಮುದ್ರದಲ್ಲಿದ್ದರು. ದಡಕ್ಕೆ ಬಂದಾಗ ಚಿತ್ರ ಹೋಗಿತ್ತು. 2006ರಲ್ಲಿ, ನನಗೆ ಕೆಲಸ ಸಿಕ್ಕ ಹೊಸತರಲ್ಲಿ, ಸಹೋದ್ಯೋಗಿಯೊಬ್ಬರಿಂದ ಅದರ ಡಿ.ವಿ.ಡಿ. ಸಂಪಾದಿಸಿಕೊಂಡು ಹೊನ್ನಾವರಕ್ಕೆ ಹೋದೆ. ದೊಡ್ಡಪ್ಪನಿಗೆ ಆಗ ಎಪ್ಪತ್ತೆರಡು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆಗೆ ಹೊರಟವರ ಹಾಗೆ ಟಿ.ವಿ.ಯ ಮುಂದೆ ಕುಳಿತರು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ದೊಡ್ಡಪ್ಪ, ಇದು ಗ್ರಾಫ್ ಸ್ಪೇ ಅಲ್ಲ, ಅಮೆರಿಕದ್ದು, ಫಿರಂಗಿ ಎಣಿಸಿ ನೋಡಿ." "ಇದು ಅಜಾಕ್ಸ್ ಅಲ್ಲ." "ಈ ಸ್ಫೋಟ ನೀರಿನ ತೊಟ್ಟಿಯಲ್ಲಿ ಆಟಿಕೆ ಇಟ್ಟು ಮಾಡಿದ್ದು." ಅವರು ಹೂಂ, ಹೂಂ ಎನ್ನುತ್ತಲೇ ಇದ್ದರು. ಕ್ರೂಸರುಗಳು ಕರಿಹೊಗೆಯ ಮರೆ ಕಟ್ಟಿಕೊಂಡು ತಿರುಗುವ ದೃಶ್ಯ ಬಂತು. ದೊಡ್ಡಪ್ಪ ಮುಂದಕ್ಕೆ ಬಾಗಿ, ಕನ್ನಡಕ ಸರಿಮಾಡಿಕೊಂಡು, ಬೆರಳು ಎತ್ತಿದರು. ಅವರು ಬಾಯಿ ತೆರೆಯುವ ಮೊದಲೇ ನಾನು, "ಈ ಹೊಗೆಯೂ ಸ್ಟುಡಿಯೋದ್ದೇ ಇರಬೇಕು" ಎಂದುಬಿಟ್ಟೆ.

ಎತ್ತಿದ ಬೆರಳು ಹಾಗೆಯೇ ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ, ಕಣ್ಣು ಉರಿಯುತ್ತದೆ ಎಂದು ಎದ್ದು ಜಗಲಿಗೆ ಹೋದರು.

ಊಟವಾದ ಮೇಲೆ ಎಲೆಯಡಿಕೆಯ ತಟ್ಟೆ ಮುಂದಿಟ್ಟುಕೊಂಡು ಅವರೇ ಮಾತು ತೆಗೆದರು. "ಹೊಗೆ ಹೆಂಗೆ ಮಾಡ್ತಾರೆ ಗೊತ್ತುಂಟಾ ತಮಾ?" ನನಗೆ ಗೊತ್ತಿರಲಿಲ್ಲ, ನನ್ನ ದಪ್ಪ ಪುಸ್ತಕದಲ್ಲಿ ಅದು ಇರಲಿಲ್ಲ. ಬಾಯ್ಲರಿಗೆ ಎಣ್ಣೆಯನ್ನು ತುಂತುರಾಗಿ ಸಿಂಪಡಿಸುತ್ತಾರಂತೆ. ಎಣ್ಣೆಗೆ ತಕ್ಕ ಗಾಳಿ ಸಿಕ್ಕರೆ ಚಿಮಣಿಯಿಂದ ಹೊಗೆಯೇ ಕಾಣಬಾರದು. ಕಂಡರೆ ಮೇಲಿನಿಂದ ಬೈಗುಳ ಬರುತ್ತದೆ. ಹೊಗೆ ಬೇಕೆಂದು ಅಪ್ಪಣೆಯಾದರೆ ಗಾಳಿ ತಗ್ಗಿಸಿ ಎಣ್ಣೆ ಹೆಚ್ಚಿಸಬೇಕು. ಅರ್ಧ ಉರಿದ ಎಣ್ಣೆ ಕರಿಮೋಡವಾಗಿ ಹೊರಗೆ ಹೋಗುತ್ತದೆ. "ಇಡೀ ವರ್ಷ ಹೊಗೆ ಬಂದ್ರೆ ಬೈಸ್ಕಂಡವ್ರು ನಾವು. ಸಿನಿಮಾದವರು ಬಂದಾಗ ಮಾತ್ರ, ಹೊಗೆ ಬಿಡಿ, ಇನ್ನೂ ಬಿಡಿ ಅಂದ್ರು" ಎಂದು ನಕ್ಕರು.

ಚಿತ್ರದಲ್ಲಿ ಅಕಿಲೀಸಿನ ಮೇಲೆ ನ್ಯೂಜಿಲೆಂಡಿನ ಧ್ವಜ ಏರುತ್ತದೆ. ಆ ದಿನ ನಿಜವಾಗಿಯೂ ಏರಿತ್ತು. ಶೂಟಿಂಗಿಗಾಗಿ ನಮ್ಮ ತ್ರಿವರ್ಣವನ್ನು ಇಳಿಸಿದ್ದರೇ ಎಂದು ಕೇಳಿದೆ.

"ನಂಗೆ ಗೊತ್ತಿಲ್ಲ. ನಾನು ಕೆಳಗಿದ್ದೆ."

1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಸಮಯದಲ್ಲಿ ಇದೇ ಹಡಗು ದಿಯುವಿನ ಮುಂದೆ ನಿಂತು ಗುಂಡು ಹಾರಿಸಿತು. ದೊಡ್ಡಪ್ಪ ಆಗಲೂ ಅದರಲ್ಲಿದ್ದರು. ಅದು ಹೇಗಿತ್ತು ಎಂದರೆ ಉತ್ತರ ಅದೇ: ಕೆಳಗಿದ್ದೆ. ಅದೇ ಗಂಟೆ, ಅದೇ ಸೆಕೆ, ಅದೇ ಗಡಿಯಾರದ ಮುಳ್ಳು. ಮೇಲೆ ಫಿರಂಗಿ ಹಾರಿದರೆ ಕಾಲಿನಡಿಯ ಕಬ್ಬಿಣ ಹೇಳುತ್ತದೆ. ಯಾರಿಗೆ ಹಾರಿತು, ಯಾರಿಗೆ ಬಿತ್ತು ಎಂದು ಹೇಳುವುದಿಲ್ಲ. "ಸಿನಿಮಾ ಅಂತ ಹೇಳಿದ್ರು, ಅದಕ್ಕೆ ಸಿನಿಮಾ. ಯುದ್ಧ ಅಂತ ಹೇಳಿದ್ರು, ಅದಕ್ಕೆ ಹೆದರಿಕೆ. ಹೇಳದಿದ್ರೆ ನಂಗೆ ಎರಡೂ ಒಂದೇ."

ಆಮೇಲೆ, ಅಡಿಕೆ ಕತ್ತರಿಸುತ್ತ, "ಆ ಸಿನಿಮಾದಲ್ಲಿ ಒಂದು ಜಾಗ ಮಾತ್ರ ಸಮಾ ಉಂಟು" ಎಂದರು. ಗ್ರಾಫ್ ಸ್ಪೇಯಲ್ಲಿ ಅರವತ್ತರಷ್ಟು ಬ್ರಿಟಿಷ್ ನಾವಿಕರು ಸೆರೆಯಾಳುಗಳಾಗಿದ್ದರು. ಕಾಳಗ ನಡೆಯುವಾಗ ಅವರು ಒಳಗೆ ಕೂಡಿಹಾಕಲ್ಪಟ್ಟು, ಏನೂ ಕಾಣದೆ, ಸದ್ದಿಗೆ ಕಿವಿಗೊಟ್ಟು ಕುಳಿತಿರುತ್ತಾರೆ. ತಮ್ಮವರ ಗುಂಡೇ ತಮ್ಮನ್ನು ಕೊಲ್ಲಬಹುದು. ಆ ದೃಶ್ಯ ತೀರ ನಿಧಾನವೆಂದು ನಾನು ರಿಮೋಟಿನ ಗುಂಡಿ ಒತ್ತಿ ಒಂದಿಷ್ಟು ಮುಂದೋಡಿಸಿದ್ದೆ. "ಅದನ್ನು ಯಾಕೆ ಓಡಿಸಿದಿ?" ಎಂದು ಕೇಳಿದರು. ಬೈಯಲಿಲ್ಲ. ಕೇಳಿದರು, ಅಷ್ಟೆ.

ಅದನ್ನು ಓದಿಕೊಂಡವರ ನಾಲ್ಕು ಮಾತಿನಿಂದ ಮುಚ್ಚಿಹಾಕಲು ನೋಡಿದೆ. ಗ್ರಾಫ್ ಸ್ಪೇಗೆ ಮೂರನೆಯ ಫಿರಂಗಿ ಗೋಪುರ ಚಿತ್ರದ ತಪ್ಪೆಂದೆನಲ್ಲ, ಆದರೆ ನಿಜವಾದ ಗ್ರಾಫ್ ಸ್ಪೇಯವರೂ ವೈರಿಗಳ ಕಣ್ಣಿಗೆ ಮಣ್ಣೆರಚಲು ಹುಸಿ ಚಿಮಣಿಯನ್ನೂ ಹುಸಿ ಗೋಪುರವನ್ನೂ ಕಟ್ಟಿಕೊಂಡಿದ್ದರು ಎಂದೆ. ದೊಡ್ಡಪ್ಪನಿಗೆ ಇದು ಬಹಳ ಹಿಡಿಸಿತು. "ಹಂಗಾದ್ರೆ ಹಡಗೇ ಸುಳ್ಳು ಹೇಳಿತ್ತು, ಸಿನಿಮಾದವರನ್ನು ಎಂತಕ್ಕೆ ಬೈತಿ?" ಆ ಕಪ್ತಾನ ಕೊನೆಗೆ ಏನಾದ ಎಂದು ವಿಚಾರಿಸಿದರು. ಚಿತ್ರ ಅದನ್ನು ತೋರಿಸುವುದಿಲ್ಲ. ಹಡಗು ಉರಿದಲ್ಲಿಗೆ ಮುಗಿಯುತ್ತದೆ. ಸತ್ತ ತನ್ನವರನ್ನು ಹೂಳುವಾಗ ಸುತ್ತಲಿನವರು ಹಿಟ್ಲರನ ಸಲಾಮಿಗೆ ಕೈ ಚಾಚಿದರೆ ಲಾಂಗ್ಸ್‌ಡಾರ್ಫ್ ಹಳೆಯ ನೌಕಾಪಡೆಯ ಸಲಾಮನ್ನೇ ಮಾಡಿದ. ಆ ಫೋಟೋ ಇದೆ. ಹಡಗು ಮುಳುಗಿದ ಮೂರನೆಯ ದಿನ ಬ್ಯೂನಸ್ ಐರಿಸಿನಲ್ಲಿ ಗುಂಡು ಹಾರಿಸಿಕೊಂಡು ಸತ್ತ. ಚಿಮಣಿ ಎಣಿಸುವುದರಲ್ಲಿ ಮುಳುಗಿದ್ದ ನಾನು ಇಷ್ಟು ದೊಡ್ಡದನ್ನು ಬಿಟ್ಟಿದ್ದಾರೆಂದು ಅಲ್ಲಿಯವರೆಗೆ ಆಕ್ಷೇಪಿಸಿಯೇ ಇರಲಿಲ್ಲ. ದೊಡ್ಡಪ್ಪ ಅಡಿಕೆಕತ್ತರಿಯನ್ನು ಕೆಳಗಿಟ್ಟು, ಸುಮಾರು ಹೊತ್ತು ಮಾತಾಡಲಿಲ್ಲ.

ಇನ್ನೊಮ್ಮೆ ಹಾಕೋಣವೇ ಎಂದು ಮರುದಿನ ಕೇಳಿದೆ. ಇನ್ನೊಮ್ಮೆ ಬಂದಾಗ ನೋಡೋಣ ಎಂದರು. ಹೋದಾಗಲೆಲ್ಲ ಏನಾದರೊಂದು ಕೆಲಸ ಅಡ್ಡ ಬಂತು, ಡಿ.ವಿ.ಡಿ.ಯನ್ನು ಒಯ್ಯಲು ನಾನೇ ಮರೆತದ್ದೂ ಉಂಟು. 2012ರಲ್ಲಿ ಅವರು ತೀರಿಕೊಂಡರು. ದೆಹಲಿ ಹಡಗು ಸೇವೆಯಿಂದ ನಿವೃತ್ತವಾದದ್ದು 1978ರಲ್ಲಿ. ಅದರ ಒಂದು ಫಿರಂಗಿ ಗೋಪುರವನ್ನು ನ್ಯೂಜಿಲೆಂಡಿನವರು ಕೇಳಿ ಪಡೆದು ಆಕ್ಲೆಂಡಿನಲ್ಲಿ ನಿಲ್ಲಿಸಿಕೊಂಡಿದ್ದಾರೆ. ಬಾಯ್ಲರುಗಳನ್ನು ಯಾರೂ ಕೇಳಿದ ಹಾಗೆ ಕಾಣೆ.

ಕಳೆದ ತಿಂಗಳು ಆ ಚಿತ್ರವನ್ನು ಮತ್ತೆ ಹಾಕಿದೆ. ಮಗಳು ಬಂದು ಪಕ್ಕದಲ್ಲಿ ಕುಳಿತಳು. ಇದೇ ಒಂದು ವಿಶೇಷ. ಸೆರೆಯಾಳುಗಳ ದೃಶ್ಯವನ್ನು ಪೂರ್ತಿ ನೋಡಿದೆವು. ಹೊಗೆಯ ದೃಶ್ಯ ಬಂದಾಗ ಅವಳು ಕೇಳಿದಳು: "ಅಪ್ಪ, ಇದರಲ್ಲಿ ದೊಡ್ಡಜ್ಜನ ಹಡಗು ಯಾವುದು?"

"ಒಂದೇ ಚಿಮಣಿ ಇರೋದು ನೋಡು" ಎಂದೆ. ಹೊಗೆ ಆಗಲೇ ಪರದೆಯನ್ನೆಲ್ಲ ತುಂಬಿತ್ತು. ತೆಳುವಾಗಲಿ ಎಂದು ಇಬ್ಬರೂ ಕಾಯುತ್ತ ಕುಳಿತೆವು.