ಒಂದು ಪಿಜ್ಜಾಕ್ಕೆ ಐದು ಕಿಲೊ ಸೋಯಾ

ಬೆಳಗಾವಿಯ ಗಣಪತ ಗಲ್ಲಿ, ಸಂಜೆ ಐದೂವರೆ. ದೀಪಾವಳಿಗೆ ಇನ್ನೂ ನಾಲ್ಕು ದಿನ ಇದೆ ಎಂಬುದು ಪಂಚಾಂಗದ ಮಾತು. ಗಲ್ಲಿಯಲ್ಲಿ ಹಬ್ಬ ಶುರುವಾಗಿ ವಾರವೇ ಆಗಿದೆ. ತಲೆಯ ಮೇಲೆ ಆಕಾಶಬುಟ್ಟಿಗಳು, ಕಾಲ ಬುಡದಲ್ಲಿ ಪಣತಿಗಳ ರಾಶಿ, ನಡುವೆ ಉಳಿದ ಎರಡು ಅಡಿ ಜಾಗದಲ್ಲಿ ಇಡೀ ಜಿಲ್ಲೆ. ರಂಗೋಲಿ ಮಾರುವವಳು ಮರಾಠಿಯಲ್ಲಿ ಕೂಗುತ್ತಾಳೆ, ಕನ್ನಡದಲ್ಲಿ ಚೌಕಾಶಿ ಮಾಡುತ್ತಾಳೆ, ಚಿಲ್ಲರೆ ಕೊಡುವಾಗ ಹಿಂದಿಗೆ ಹೊರಳುತ್ತಾಳೆ. ಪಕ್ಕದ ಬುಟ್ಟಿಯ ತುಂಬ ಮಣ್ಣಿನ ಸಣ್ಣ ಸಣ್ಣ ಸೈನಿಕರು. ಇಲ್ಲಿನ ಹುಡುಗರು ಹಬ್ಬಕ್ಕೆ ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟುತ್ತಾರಲ್ಲ, ಅದಕ್ಕೆ ಇವರು ಕಾವಲು. ನಮ್ಮ ಸಣ್ಣವ ಆ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತವನು ಏಳಲೊಲ್ಲ. ಎಬ್ಬಿಸುವ ಮಂತ್ರ ಅವನ ಅಕ್ಕನಿಗೆ ಗೊತ್ತಿದೆ.

"ಏಳ್ತಿಯೋ, ಪಿಜ್ಜಾ ಬಿಡ್ತಿಯೋ?"

ಎದ್ದ.

ನಾವು ಆರು ಮಂದಿ. ಅವ್ವ, ಅಣ್ಣ, ವೈನಿ, ಹತ್ತನೇ ಇಯತ್ತೆಯ ದೊಡ್ಡವಳು, ಈ ಸಣ್ಣವ, ನಾನು. ಮಧ್ಯಾಹ್ನ ನೇಸರಗಿಯಲ್ಲಿ ಯರಗಟ್ಟಿ ಕಡೆಯಿಂದ ಬಂದ ಬಸ್ಸು ಹತ್ತಿ, ಮಾರಿಹಾಳ, ಸಾಂಬ್ರಾ ದಾಟಿ ಬಂದಿದ್ದೇವೆ. ಹೆಂಗಸರು ಮೂವರೂ ಆಧಾರ್ ಕಾರ್ಡ್ ತೋರಿಸಿ ಸೊನ್ನೆ ಟಿಕೆಟ್ ತಗೊಂಡರು; ರೊಕ್ಕ ಬಿಚ್ಚಿದ್ದು ಗಂಡಸರಿಬ್ಬರು, ಮತ್ತು ಅರ್ಧ ಟಿಕೆಟಿನ ಸಣ್ಣವ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ವೈನಿಗೆ ಬೆಳಗಾವಿ ಹತ್ತಿರವಾಗಿದೆ. ಮೊದಲು ಮದುವೆ ಸೀರೆಗೆ ಮಾತ್ರ ಬರುತ್ತಿದ್ದವರು ಈಗ ಬ್ಲೌಸ್ ಪೀಸಿಗೂ ಬರುತ್ತಾರೆ. ಅಣ್ಣ ಇದನ್ನು ದೂರಿನ ದನಿಯಲ್ಲಿ ಹೇಳುತ್ತಾನೆ. ವೈನಿ ಕೇಳಿಸದವರಂತೆ ಇರುತ್ತಾರೆ.

ಅವ್ವನ ಕೈಚೀಲದಲ್ಲಿ ಬುತ್ತಿ ಇದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಎರಡು ಉಳ್ಳಾಗಡ್ಡಿ. ಮಧ್ಯಾಹ್ನ ಕೋಟೆ ಕೆರೆಯ ದಂಡೆಯ ಮೇಲೆ ಕುಳಿತು ಅರ್ಧ ಮುಗಿಸಿಯಾಗಿದೆ. ಉಳಿದರ್ಧ ಇರುವಾಗ ಹೋಟೆಲಿಗೆ ಯಾಕೆ ಹೋಗಬೇಕು ಎಂಬುದು ಅವ್ವನ ಸರಳ ಪ್ರಶ್ನೆ. ಮೊಮ್ಮಗಳ ಉತ್ತರವೂ ಅಷ್ಟೇ ಸರಳ: ಕ್ಲಾಸಿನಲ್ಲಿ ಎಲ್ಲರೂ ತಿಂದಿದ್ದಾರೆ. ನೇಸರಗಿಯ ಬೇಕರಿಯಲ್ಲಿ ಸಿಗುವುದು ಬನ್ನಿನ ಮೇಲೆ ಸಾಸ್ ಬಳಿದದ್ದು, ಅದು ಪಿಜ್ಜಾ ಅಲ್ಲವಂತೆ.

ಬೋಗಾರವೇಸ್ ದಾಟಿ ಕಾಲೇಜ್ ರೋಡಿಗೆ ಬಿದ್ದರೆ ಗದ್ದಲದ ಜಾತಿಯೇ ಬೇರೆ. ಕೂಗುವವರು ಇಲ್ಲ, ಹಾರ್ನ್ ಮಾತ್ರ. ಗಾಜಿನ ಬಾಗಿಲಿನ ಮುಂದೆ ಅವ್ವ ನಿಂತುಬಿಟ್ಟಳು. ಮೇಲಿನ ಬೋರ್ಡು ಇಂಗ್ಲಿಷಿನಲ್ಲಿದೆ, ಕೆಳಗೆ ಹಸಿರು ಅಕ್ಷರದಲ್ಲಿ ಕನ್ನಡ: ಶುದ್ಧ ಸಸ್ಯಾಹಾರಿ. ದೊಡ್ಡವಳು ಅದನ್ನು ಎರಡು ಸಲ ಓದಿ ಹೇಳಿದ ಮೇಲೆ ಅವ್ವನ ಕಾಲು ಹೊಸ್ತಿಲು ದಾಟಿತು. ಬಾಗಿಲ ಪಕ್ಕದ ಇನ್ನೊಂದು ಬೋರ್ಡನ್ನು, ಹೊರಗಿನ ತಿನಿಸು ಒಳಗೆ ತರಬಾರದು ಎಂಬುದನ್ನು, ಯಾರೂ ಆಕೆಗೆ ಓದಿ ಹೇಳಲಿಲ್ಲ.

ಒಳಗೆ ತಂಪು. ಹುಳಿ ಬಂದ ಹಿಟ್ಟು, ಸುಟ್ಟ ಬೆಳ್ಳುಳ್ಳಿ, ಕರಗಿದ ಬೆಣ್ಣೆ ಮೂರೂ ಒಟ್ಟಿಗೆ ಮೂಗಿಗೆ ಬರುತ್ತವೆ. ಗೋಡೆಯ ಮೇಲೆ ಕೆಂಪು ಹೆಂಚಿನ ಮನೆಗಳ ಯಾವುದೋ ಇಟಲಿ ಊರಿನ ಚಿತ್ರ. ನಡುವೆ ಒಂದು ಹುಟ್ಟುಹಬ್ಬದ ಗುಂಪು, ಬಲೂನು, ಕಿರೀಟ ತೊಟ್ಟ ಕೂಸು. ಆ ಕಡೆ ಮೂಲೆಯಲ್ಲಿ ಕಾಲೇಜು ಹುಡುಗಿಯರು ಒಂದೇ ಪ್ಲೇಟಿಗೆ ನಾಲ್ಕು ಮೊಬೈಲ್ ಹಿಡಿದಿದ್ದಾರೆ. ನಮಗೆ ಕಿಟಕಿ ಪಕ್ಕದ ಟೇಬಲ್ ಸಿಕ್ಕಿತು, ಎಲ್ಲರಿಗೂ ಕಾಣುವಂಥ ಜಾಗ. ವೈನಿ ಸೆರಗು ಸರಿಮಾಡಿಕೊಂಡು ಸುತ್ತ ನೋಡಿದರು.

ಆ ನೋಟದ ಹಿಂದೆ ಒಂದು ಚರಿತ್ರೆ ಇದೆ. ಹೊರಗೆ ಉಣ್ಣುವುದು ನಮ್ಮ ಸೀಮೆಯಲ್ಲಿ ಬಹುಕಾಲ ಗಂಡಸರ ಬಾಬತ್ತು. ಕೋರ್ಟು, ಕಚೇರಿ, ಎಪಿಎಂಸಿ, ದನದ ಸಂತೆ ಅಂತ ಊರು ಬಿಟ್ಟವನಿಗೆ ಖಾನಾವಳಿ ಇತ್ತು: ರೊಟ್ಟಿ, ಎಣ್ಣಿಗಾಯಿ, ಕಾಳುಪಲ್ಯ, ಮೊಸರು, ತಾಟಿನ ಅಂಚಿನಲ್ಲಿ ಚಟ್ನಿಪುಡಿ. ಖಾನಾವಳಿಯ ಒಲೆ ನೋಡುವವರು ಹೆಚ್ಚಾಗಿ ಹೆಂಗಸರೇ, ತಾಟಿನ ಮುಂದೆ ಕೂರುವವರು ಗಂಡಸರು. ಚಹದ ಹೋಟೆಲುಗಳಲ್ಲಿ ಮನೆಮಂದಿ ಬಂದರೆ 'ಫ್ಯಾಮಿಲಿ ರೂಮ್' ಇತ್ತು: ಅಡಿಗೆಮನೆಗೆ ಹತ್ತಿ ಪ್ಲೈವುಡ್ಡಿನ ಗೂಡು, ಜಿಡ್ಡು ಹಿಡಿದ ಪರದೆ, ಪರದೆಯ ಕೆಳಗೆ ಮಾಣಿಯ ಕಾಲು. ಮದುವೆಯಾದ ಹೊಸತರಲ್ಲಿ ವೈನಿ ತಿಂದ ಮೊದಲ ಮಸಾಲೆ ದೋಸೆ ಅಂಥ ಗೂಡಿನೊಳಗಿನದು. ಈ ಪಿಜ್ಜಾ ಅಂಗಡಿಗಳು ಏನೇ ಕೆಡಿಸಿರಲಿ, ಆ ಪರದೆ ಕಿತ್ತು ಹಾಕಿದ್ದಕ್ಕೆ ನಾನು ಅವುಗಳ ಋಣಿ.

ಮೆನು ದೊಡ್ಡವಳ ಕೈಯಲ್ಲಿದೆ. ಅಣ್ಣ ಎಡಗಡೆಯ ಹೆಸರು ಬಿಟ್ಟು ಬಲಗಡೆಯ ಅಂಕಿ ಮಾತ್ರ ಓದುತ್ತಾನೆ.

"ಮಾರ್ಗರೀಟಾ, ಎರಡನೂರಾ ಅರವತ್ತು," ಅಂದಳು ಆಕೆ.

"ಅದರ ಮ್ಯಾಲ ಏನೈತಿ?"

"ಚೀಸ್, ಟೊಮ್ಯಾಟೊ ಅಪ್ಪಾ."

"ಮತ್ತ?"

"ಮತ್ತೇನಿಲ್ಲ."

ಅಣ್ಣ ಲೆಕ್ಕ ಹಾಕುತ್ತಿದ್ದಾನೆ ಅಂತ ಅವನ ಹೆಬ್ಬೆರಳು ಹೇಳುತ್ತದೆ, ಬೆರಳ ಗೆಣ್ಣುಗಳ ಮೇಲೆ ಓಡುತ್ತಿದೆ. ಈ ಸಲ, 2025ರಲ್ಲಿ, ಸೋಯಾಕ್ಕೆ ಸರ್ಕಾರ ಹೇಳಿದ ಬೆಂಬಲ ಬೆಲೆ ಕ್ವಿಂಟಲಿಗೆ 5,328 ರೂಪಾಯಿ. ಕಿಲೊಗೆ ಐವತ್ಮೂರು. "ಹತ್ತಿರ ಹತ್ತಿರ ಐದು ಕಿಲೊ ಸೋಯಾ," ಅಂದ. "ಅದೂ ಬೆಂಬಲ ಬೆಲಿಗೆ ತಗೊಂಡ್ರ. ತಗೊಂಡಾವ್ರ್ ಯಾರು?"

ಆದರೂ ಆರ್ಡರ್ ಹೋಯಿತು. ಒಂದು ಮಾರ್ಗರೀಟಾ; ಪನೀರ್, ಉಳ್ಳಾಗಡ್ಡಿ, ಡಬ್ಬು ಮೆಣಸಿನಕಾಯಿಯದೊಂದು, ಅದಕ್ಕೆ 340; ಬೆಳ್ಳುಳ್ಳಿ ಬ್ರೆಡ್ 150; ಬಿಳಿ ಸಾಸಿನ ಪಾಸ್ತಾ 220. ಮೆನುವಿನ ಬೆನ್ನಿಗೆ ಒಂದು ಕತೆ ಅಚ್ಚಾಗಿದೆ. 1889ರಲ್ಲಿ ಇಟಲಿಯ ರಾಣಿ ಮಾರ್ಗರೀಟಾ ನೇಪಲ್ಸಿಗೆ ಬಂದಾಗ ರಫಾಯೆಲೆ ಎಸ್ಪೊಸಿತೊ ಎಂಬ ಬಾಣಸಿಗ ಕೆಂಪು ಟೊಮ್ಯಾಟೊ, ಬಿಳಿ ಚೀಸು, ಹಸಿರು ತುಳಸಿಯಂಥ ಎಲೆ ಸೇರಿಸಿ ಬಾವುಟದ ಬಣ್ಣದಲ್ಲಿ ಪಿಜ್ಜಾ ಮಾಡಿ ಆಕೆಯ ಹೆಸರಿಟ್ಟ ಅಂತ. ಇತಿಹಾಸ ಬಲ್ಲವರು ಇದನ್ನು ಪೂರ್ತಿ ನಂಬುವುದಿಲ್ಲ. ಅವ್ವ ನಂಬಿದಳು. ರಾಣಿಯ ಹೆಸರಿನಲ್ಲಿ ತಿನಿಸು ಇರುವುದು ಆಕೆಗೆ ಸರಿಯಾಗಿಯೇ ಕಂಡಿತು.

ವೈನಿಯ ಕುರ್ಚಿ ಖಾಲಿ. ನೋಡಿದರೆ ಒಲೆಯ ಮುಂದೆ ನಿಂತಿದ್ದಾರೆ.

ಗಾಜಿನ ಆಚೆ ಇಟ್ಟಂಗಿಯ ಗುಮ್ಮಟದಂಥ ಒಲೆ. ಹಿಂಬದಿಯಲ್ಲಿ ಕಟ್ಟಿಗೆ ಉರಿಯುತ್ತಿದೆ, ಉರಿಯ ನಾಲಗೆ ಮೇಲಿನ ಕಮಾನನ್ನು ಸವರಿ ಮುಂದಕ್ಕೆ ಬಾಗುತ್ತದೆ. ಕಲ್ಲಿನ ಕಟ್ಟೆಯ ಮುಂದೆ ಇಪ್ಪತ್ತು ದಾಟದ ಒಬ್ಬ ಹುಡುಗ. ಹಿಟ್ಟಿನ ಉಂಡೆಯ ನಡುವೆ ಆರು ಬೆರಳು ಊರಿ ಹೊರಕ್ಕೆ ಒತ್ತುತ್ತಾನೆ, ಅಂಚನ್ನು ಮಾತ್ರ ಮುಟ್ಟುವುದಿಲ್ಲ. ಆಮೇಲೆ ಒಂದು ಅಂಗೈಯಿಂದ ಇನ್ನೊಂದಕ್ಕೆ ಪಟಪಟನೆ ಒಗೆಯುತ್ತಾನೆ. ಒಗೆದಷ್ಟೂ ಅದು ಅಗಲವಾಗುತ್ತದೆ, ಹರಿಯುವುದಿಲ್ಲ. ವೈನಿ ಕಣ್ಣು ಮಿಟುಕಿಸದೆ ಅವನ ಕೈ ನೋಡುತ್ತಿದ್ದಾರೆ.

"ಹಿಟ್ಟು ಯಾವಾಗ ನಾದಿದ್ದು, ತಮ್ಮಾ?"

"ನಿನ್ನಿ ರಾತ್ರಿರೀ. ಫ್ರಿಜ್ಜಿನ್ಯಾಗಿಟ್ಟು ಇವತ್ತ ತಗದದ್ದು."

"ಲಟ್ಟಣಗಿ ಇಟ್ಟಿಲ್ಲೇನ?"

"ಲಟ್ಟಣಗಿ ಹಚ್ಚಿದ್ರ ಒಳಗಿನ ಗಾಳಿ ಹೋಗತೈತ್ರಿ ಅಕ್ಕಾ. ಅಂಚು ಉಬ್ಬೂದಿಲ್ಲ."

ವೈನಿ ತಲೆಯಾಡಿಸಿದರು. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇಲ್ಲ. ಕುದಿಯುವ ಎಸರು ಸುರಿದು, ಅಂಗೈ ಸುಡುವಾಗಲೇ ನಾದಿ ಹದ ಹುಟ್ಟಿಸಬೇಕು. ಮರುಗಳಿಗೆಯೇ ಬಡಿಯಬೇಕು, ತಡವಾದರೆ ಅಂಚು ಸೀಳುತ್ತದೆ. ಅಂಥದ್ದರಲ್ಲಿ ಕೈ ಪಳಗಿದವರಿಗೆ, ರಾತ್ರಿಯಿಡೀ ಕಾದು ಕುಳಿತು ಹೇಳಿದಂತೆ ಕೇಳುವ ಈ ಮೈದಾ ಹಿಟ್ಟು ಬಹಳ ಸಂಭಾವಿತ ಅನ್ನಿಸಿರಬೇಕು. ಎಷ್ಟು ಹೊತ್ತು ಬೇಯುತ್ತದೆ ಅಂತ ಕೇಳಿದರು. ಮೂರು ಮಿನಿಟು ಅಂದ. ನೇಪಲ್ಸಿನಲ್ಲಿ 1984ರಿಂದ ಒಂದು ಸಂಘವಿದೆ, ಅಸಲಿ ಪಿಜ್ಜಾದ ಕಾಯಿದೆ ಕಾಯುವ ಸಂಘ. ಅದರ ಲೆಕ್ಕದಲ್ಲಿ ಒಲೆಯ ಬಿಸಿ 430ರಿಂದ 480 ಡಿಗ್ರಿ, ಬೇಯುವ ಹೊತ್ತು 60ರಿಂದ 90 ಸೆಕೆಂಡು. ಅಲ್ಲಿಯವರ ಈ ಕೈಚಳಕವನ್ನು 2017ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ರೊಟ್ಟಿ ಬಡಿಯುವ ಕೈಗಳಿಗೆ ಅಂಥ ಪಟ್ಟಿ ಇನ್ನೂ ಸಿಕ್ಕಿಲ್ಲ.

"ಯಾವ ಊರು?"

"ರಾಮದುರ್ಗದ ಬಾಜೂಕ್ರಿ."

"ಮನ್ಯಾಗೂ ಅಡಿಗಿ ಮಾಡ್ತಿಯೇನು?"

ಹುಡುಗ ನಕ್ಕ. ಆ ಪ್ರಶ್ನೆಗೆ ಅಷ್ಟೇ ಉತ್ತರ.

ಪಿಜ್ಜಾ ಬಂತು, ಮರದ ಹಲಗೆಯ ಮೇಲೆ. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಎದ್ದಿದೆ, ನಡುವೆ ಕೆಂಪು ಬಿಳಿ ಇನ್ನೂ ಕೊತಕೊತ ಅನ್ನುತ್ತಿದೆ. ಸಣ್ಣವ ಒಂದು ತುಂಡು ಎತ್ತಿದ. ಚೀಸಿನ ಎಳೆ ಹಲಗೆಯಿಂದ ಅವನ ತಾಟಿನವರೆಗೆ, ತಾಟಿನಿಂದ ಅವನ ಗದ್ದದವರೆಗೆ ಬಂದು ಕಡಿಯಲೇ ಇಲ್ಲ. ಅವ್ವ ಅದನ್ನು ಅನುಮಾನದಿಂದ ನೋಡಿದಳು.

"ಏನದು, ಅಂಟು?"

ಹಾಲು ಒಡೆಸಿ, ಗಟ್ಟಿಯನ್ನು ಬಿಸಿನೀರಿನಲ್ಲಿ ಹಾಕಿ ಎಳೆದೆಳೆದು ಮಾಡುವುದು, ಅದಕ್ಕೇ ಎಳೆ ಬರುತ್ತದೆ ಅಂದೆ. ಒಡೆಸಿದ ಹಾಲು ಎಂಬ ಮಾತು ಆಕೆಗೆ ಒಗ್ಗಲಿಲ್ಲ. ಮನೆಯಲ್ಲಿ ಹಾಲು ಒಡೆದರೆ ಅಪಶಕುನ. ಇಟಲಿಯ ಕಂಪಾನಿಯಾ ಸೀಮೆಯಲ್ಲಿ ಇದನ್ನು ಎಮ್ಮೆಯ ಹಾಲಿನಿಂದ ಮಾಡುತ್ತಾರೆ ಅಂದಾಗ ಮಾತ್ರ ಮುಖ ಬದಲಾಯಿತು. ಆಕೆಯ ಆಯುಷ್ಯವೆಲ್ಲ ಎಮ್ಮೆಯ ಸಂಗಡ ಕಳೆದದ್ದು.

"ಅಲ್ಲೂ ಎಮ್ಮಿ ಅದಾವ?"

"ಬೇಕಾದಷ್ಟು."

"ಹಂಗಾರ ಮಂದಿ ಛಲೋ ಇರಬೇಕು," ಅಂದು ಒಂದು ತುಂಡಿಗೆ ಕೈ ಚಾಚಿದಳು.

ಕಚ್ಚಿದಳು. ಅಗಿದಳು. ಎಲ್ಲರೂ ಆಕೆಯ ಬಾಯಿಯನ್ನೇ ನೋಡುತ್ತಿದ್ದೇವೆ. ತೀರ್ಪು ಬಂತು: "ಸಪ್ಪಗ."

ದೊಡ್ಡವಳು ಒಣಮೆಣಸಿನ ಚೂರಿನ ಪೊಟ್ಟಣ ಹರಿದು ಉದುರಿಸಿದಳು. ಬಣ್ಣ ಬಂತು, ಖಾರ ಬರಲಿಲ್ಲ. ಬ್ಯಾಡಗಿ ಪೇಟೆ ಇರುವ ನಾಡಿನಲ್ಲಿ ಇಂಥ ಪೊಟ್ಟಣ ಕೊಡುವುದಕ್ಕೆ ಧೈರ್ಯ ಬೇಕು. ಟೊಮ್ಯಾಟೊ, ಮೆಣಸಿನಕಾಯಿ ಎರಡೂ ಅಮೆರಿಕದ ಮಣ್ಣಿನವು. ಹಡಗು ಹತ್ತಿ ಒಂದು ಪಾಲು ನೇಪಲ್ಸಿಗೆ, ಒಂದು ಪಾಲು ಪೋರ್ಚುಗೀಸರ ಕೈಯಿಂದ ನಮ್ಮ ಕಡೆಗೆ ಬಂದವು. ಅವರು ಟೊಮ್ಯಾಟೊ ಹಿಡಿದರು, ನಾವು ಮೆಣಸಿನಕಾಯಿ ಹಿಡಿದೆವು. ನಾನು ಈ ಮಾತು ಮುಗಿಸುವಷ್ಟರಲ್ಲಿ ಟೇಬಲ್ಲಿನ ಕೆಳಗೆ ಗಂಟು ಬಿಚ್ಚುವ ಸದ್ದು. ಡಬ್ಬಿ ಮೇಲೆ ಬಂತು.

"ಆಯೀ, ಬ್ಯಾಡ! ಬೋರ್ಡ್ ಹಾಕ್ಯಾರ!"

"ಹಾಕ್ಲಿ. ನಾ ಓದಾಂಗಿಲ್ಲ."

ಶೇಂಗಾ ಚಟ್ನಿ ಧಾರಾಳವಾಗಿ ಬಿತ್ತು. ಬಿಸಿ ಚೀಸಿನ ಮೇಲೆ ಪುಡಿ ನೆನೆದು ಎಣ್ಣೆ ಬಿಟ್ಟು ಕೆಂಪಗಾಯಿತು. ದೊಡ್ಡವಳು ಮುಖ ಆ ಕಡೆ ತಿರುಗಿಸಿದಳು. ಸಣ್ಣವ ತನ್ನ ತಾಟು ಮುಂದೆ ಮಾಡಿದ. ಬಡಿಸುವ ಹುಡುಗ ಬಂದು ನಿಂತ, ಡಬ್ಬಿ ನೋಡಿದ, ಮಾಲಕ ಕುಳಿತ ಕೌಂಟರ್ ಕಡೆ ನೋಡಿದ, ಆಮೇಲೆ ನೀರಿನ ಜಗ್ಗನ್ನು ಡಬ್ಬಿಗೆ ಮರೆಯಾಗಿ ಇಟ್ಟು ಹೋದ. ರುಚಿ ಹೇಗಿತ್ತು? ಟೊಮ್ಯಾಟೊದ ಹುಳಿಗೆ ಶೇಂಗಾ ಹೊಂದಿತು, ಬೆಳ್ಳುಳ್ಳಿ ಇತ್ತಲ್ಲ, ಅದೂ ಹೊಂದಿತು. ನೇಪಲ್ಸಿನ ಸಂಘದವರು ಇದನ್ನು ಒಪ್ಪಲಾರರು.

ಅಣ್ಣ ಎರಡನೆಯ ತುಂಡು ಮುಗಿಸಿ ಹಳೆಯ ಕಾಲಕ್ಕೆ ಹೋದ. 1996ರ ಜನವರಿ 30ರಂದು ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಬೆಂಗಳೂರಿನ ಬ್ರಿಗೇಡ್ ರೋಡಿನ ಕೆಂಟಕಿ ಚಿಕನ್ ಅಂಗಡಿಗೆ ನುಗ್ಗಿದ್ದರು. ಆಗ ಇವನೂ ಹೆಗಲಿಗೆ ಹಸಿರು ಟವೆಲ್ ಹಾಕುತ್ತಿದ್ದ. ಅದೇ ವರ್ಷ ಜೂನ್ ತಿಂಗಳಲ್ಲಿ ಅದೇ ಬೆಂಗಳೂರಿನಲ್ಲಿ ಪಿಜ್ಜಾ ಹಟ್ ದೇಶದ ತನ್ನ ಮೊದಲ ಅಂಗಡಿ ತೆರೆಯಿತು.

"ನೀನೂ ಹೋಗಿದ್ದೆನಪ್ಪಾ, ಗ್ಲಾಸ್ ಒಡಿಯಾಕ?" ಮಗಳ ಕಣ್ಣು ಅರಳಿತು.

"ಇಲ್ಲವಾ. ಪೇಪರಿನ್ಯಾಗ ಓದಿದ್ದೆ."

ವೈನಿ ಮಾತಾಡುತ್ತಿಲ್ಲ, ತಿನ್ನುತ್ತಿದ್ದಾರೆ. ಮನೆಯಲ್ಲಿ ನಾವು ಉಣ್ಣಲು ಕುಳಿತಾಗ ಅವರು ಹಂಚಿನ ಮುಂದಿರುತ್ತಾರೆ. ಬಿಸಿ ರೊಟ್ಟಿ ಉಬ್ಬಿದ್ದು ಉಬ್ಬಿದಂತೆ ನಮ್ಮ ತಾಟಿಗೆ, ಒಲೆ ಆರಿದ ಮೇಲೆ ಉಳಿದದ್ದು ಅವರ ತಾಟಿಗೆ. ಬಿಸಿಯಿರುವಾಗಲೇ ತಿನ್ನಬೇಕಾದ ಪದಾರ್ಥವನ್ನು ಬಿಸಿಯಿರುವಾಗಲೇ, ಎಲ್ಲರ ಸಂಗಡ, ಕುಳಿತು ತಿನ್ನುವ ವೈನಿಯನ್ನು ನಾನು ಮನೆಯಲ್ಲಿ ಕಂಡ ನೆನಪಿಲ್ಲ. ಇಲ್ಲಿ ಬೇಯಿಸುವವನು ರಾಮದುರ್ಗದ ಹುಡುಗ. ವೈನಿ ಅಂಚನ್ನೂ ಬಿಡದೆ ತಿಂದು, ಬೆರಳಿಗೆ ಹತ್ತಿದ ಸಾಸು ಒರೆಸಿಕೊಂಡು, ಒಲೆಯ ಕಡೆಗೆ ಒಂದು ನೋಟ ಹರಿಸಿದರು.

ಹಲಗೆಗಳು ಖಾಲಿ. ಅಣ್ಣ ಬಿಲ್ಲು ತರಿಸಿದ. 970, ಅದರ ಮೇಲೆ ಐದು ಪರ್ಸೆಂಟ್ ಜಿಎಸ್‌ಟಿ, ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ. ಒಟ್ಟು 1,018 ರೂಪಾಯಿ 50 ಪೈಸೆ. ಹೆಬ್ಬೆರಳು ಮತ್ತೆ ಗೆಣ್ಣುಗಳ ಮೇಲೆ ಓಡಿತು.

"ಹತ್ತೊಂಬತ್ತು ಕಿಲೊ ಸೋಯಾ," ಅಂದ. "ಏಳ್ರಿ, ಬಸ್ಸಿಗೆ ಹೊತ್ತಾತು."

ಯಾರೂ ಏಳಲಿಲ್ಲ. ವೈನಿ ಬಡಿಸುವ ಹುಡುಗನನ್ನು ಕೈಸನ್ನೆ ಮಾಡಿ ಕರೆದಿದ್ದರು.

"ತಮ್ಮಾ, ಇನ್ನೊಂದು ಹೇಳು. ಪನೀರ್ ಬ್ಯಾಡ. ಉಳ್ಳಾಗಡ್ಡಿ ಜಾಸ್ತಿ ಹಾಕ್, ಹಸಿ ಮೆಣಸಿನಕಾಯಿ ಹಾಕ್. ಒಲಿ ಮುಂದಿನ ಹುಡುಗಗ ಹೇಳು, ಸ್ವಲ್ಪ ಕರ್ರಗಾಗೂ ಹಂಗ ಬೇಯಿಸಂತ."

"ಬಸ್ಸು ಹೋಗತೈತಿ," ಅಂದ ಅಣ್ಣ.

"ಹೋಗ್ಲಿ, ಹಿಂದಿಂದು ಬರತೈತಿ. ನಮಗೇನ್ ಟಿಕೆಟ್ ಐತೇನು?"